ಬೆನ್ನಿಗೆ ಕ್ಷಯ ಬಂದ ವರ್ಷ ನನಗೆ ಪ್ರಾರ್ಥನೆ ಬರಲಿಲ್ಲ

ಇದನ್ನು ನೀವು ಮಲಗಿಕೊಂಡೇ ಓದುತ್ತಿರಬಹುದು. ಮಗ್ಗುಲು ಬದಲಿಸಬೇಕಾದರೂ ಯಾರನ್ನೋ ಕೂಗಿ ಕರೆಯಬೇಕಾದ ಸ್ಥಿತಿ ನಿಮ್ಮದಾಗಿರಬಹುದು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ನಾನು ಪೂರ್ತಿ ಗುಣವಾದವನಲ್ಲ. ನಡೆದರೆ ಎಡಗಾಲಿನ ಪಾದ ಈಗಲೂ ನೆಲಕ್ಕೆ ತಿಕ್ಕುತ್ತದೆ. ಪವಾಡ ಕಂಡವರ ಸಾಕ್ಷಿಗಳು ಬೇಕಾದಷ್ಟಿವೆ, ಅವನ್ನೂ ಓದಿರಿ. ಕಾಯಿಲೆಯಲ್ಲಿ ಬಿದ್ದು, ದೇವರ ಹೆಸರು ಕೂಡ ಬಾಯಿಗೆ ಬಾರದೆ ಮಲಗಿದವರಿಗಾಗಿ ನಾನು ಇದನ್ನು ಬರೆಯುತ್ತಿದ್ದೇನೆ. ನೀವು ನಿನ್ನೆ ಮೊನ್ನೆ ನಂಬಿದವರಿರಬಹುದು, ಹುಟ್ಟಿದಾಗಿನಿಂದ ಕ್ರೈಸ್ತ ಸಭೆಯಲ್ಲೇ ಬೆಳೆದವರಿರಬಹುದು. ಮಲಗಿದ ಮೇಲೆ ಅದರಿಂದ ಹೆಚ್ಚು ವ್ಯತ್ಯಾಸವಾಗುವುದಿಲ್ಲ ಎಂಬುದು ನನ್ನ ಅನುಭವ.

ನನ್ನ ಹೆಸರು ದೇವದಾನ. ಮನೆ ಹಾನಗಲ್ಲಿನಲ್ಲಿ. ಬಸ್ ಕಂಡಕ್ಟರ್ ಆಗಿದ್ದೆ. ಹಾನಗಲ್ಲಿನಿಂದ ಶಿಗ್ಗಾಂವಿ, ಅಲ್ಲಿಂದ ಸವಣೂರು, ತಿರುಗಿ ಹಾನಗಲ್ಲು, ಇದು ನನ್ನ ದಿನ. ಅಜ್ಜನ ಕಾಲದಿಂದ ನಾವು ಕ್ರೈಸ್ತರು. ನಮ್ಮ ಸಭೆ ಸಣ್ಣದು, ತಗಡಿನ ಮಾಡಿನ ಒಂದು ಹಾಲ್‌ನಲ್ಲಿ ಕೂಡುತ್ತೇವೆ. ಸಭಾಪಾಲಕರಿಗೆ ಬೇರೆ ಊರುಗಳ ಸಭೆಗಳೂ ಇರುವುದರಿಂದ ಅವರು ಬಾರದ ಭಾನುವಾರ ಆರಾಧನೆ ನಡೆಸುವ ಹಿರಿಯ ನಾನೇ. ಯಾರಿಗಾದರೂ ಜಡ್ಡಾದರೆ ಮೊದಲು ನನಗೆ ಫೋನು ಬರುತ್ತಿತ್ತು. ಡ್ಯೂಟಿ ಮುಗಿಸಿ, ಖಾಕಿಯಲ್ಲೇ ಹೋಗಿ, ಹಾಸಿಗೆಯ ಪಕ್ಕ ನಿಂತು ಪ್ರಾರ್ಥಿಸುತ್ತಿದ್ದೆ. ಮಾತು ತಾನಾಗಿ ಬರುತ್ತಿತ್ತು. ಅದಕ್ಕಾಗಿ ನಾನು ಎಂದೂ ಹುಡುಕಾಡಿದವನಲ್ಲ.

ನೋವು ಶುರುವಾದದ್ದು ಒಂದು ಚಳಿಗಾಲ, ಎರಡು ಭುಜಗಳ ನಡುವೆ, ಸ್ವಲ್ಪ ಕೆಳಗೆ. ದಿನವಿಡೀ ಕುಲುಕುವ ಬಸ್ಸಿನಲ್ಲಿ ನಿಂತು ಟಿಕೀಟು ಕೊಡುವವನಿಗೆ ಬೆನ್ನು ನೋಯದೆ ಇನ್ನೇನು ಎಂದು ಎಲ್ಲರೂ ಅಂದರು, ನಾನೂ ಅಂದುಕೊಂಡೆ. ಎಣ್ಣೆ ತಿಕ್ಕಿಸಿದೆ, ಇಂಜೆಕ್ಷನ್ ಮಾಡಿಸಿದೆ, ಡ್ರೈವರ್ ಹೇಳಿದ ಮುಲಾಮು ಹಚ್ಚಿದೆ. ಸಂಜೆಯಾದರೆ ಮೈ ಸಣ್ಣಗೆ ಬಿಸಿಯಾಗುತ್ತಿತ್ತು. ಹೆಂಡತಿ ಸುಗುಣಾ ಒಂದು ದಿನ ನನ್ನ ಯೂನಿಫಾರ್ಮಿನ ಪ್ಯಾಂಟು ಒಗೆಯಲು ತೆಗೆಯುತ್ತಾ, ಬೆಲ್ಟಿಗೆ ನಾನು ಹೊಸದಾಗಿ ಹಾಕಿಸಿಕೊಂಡ ತೂತುಗಳನ್ನು ನೋಡಿ ಹಾಗೇ ನಿಂತಳು.

"ಇದು ಬಸ್ಸಿನ ಬ್ಯಾನಿ ಅಲ್ಲರಿ. ನೀವು ಕರಗಾಕತ್ತೀರಿ," ಎಂದಳು.

ಅವಳೇ ಹಟ ಹಿಡಿದು ಹುಬ್ಬಳ್ಳಿಗೆ ಕರೆದುಕೊಂಡು ಹೋದಳು. ದೊಡ್ಡ ದವಾಖಾನೆಯ ಸ್ಕ್ಯಾನಿಂಗ್ ಕೋಣೆಯ ಹೊರಗೆ ಬೆಂಚುಗಳೆಲ್ಲ ತುಂಬಿದ್ದವು. ನನಗೆ ಕೂರಲೂ ಆಗುತ್ತಿರಲಿಲ್ಲ, ನಿಲ್ಲಲೂ ಆಗುತ್ತಿರಲಿಲ್ಲ, ಗೋಡೆ ಹಿಡಿದುಕೊಂಡು ಬಾಗಿದ್ದೆ. ಒಂದು ಬೆಂಚಿನಲ್ಲಿ ಸವಣೂರಿನ ಎಲೆ ವ್ಯಾಪಾರಿಯೊಬ್ಬರು ಬೀಬಿಯ ಜೊತೆ ಕೂತಿದ್ದರು. ನನ್ನ ಬಸ್ಸಿನಲ್ಲಿ ಎಷ್ಟೋ ಸಲ ವೀಳ್ಯದೆಲೆಯ ಬುಟ್ಟಿ ಹೇರಿಕೊಂಡು ಬಂದವರು. ನನ್ನನ್ನು ನೋಡಿ ಗುರುತು ಹಿಡಿದರು.

"ಕಂಡಕ್ಟರ್ ಸಾಹೇಬ್ರ! ಇದೇನ್ರಿ ನಿಮ್ಮ ಹಾಲತ್ತು?" ಎಂದು ಎದ್ದರು. ಬೀಬಿಯನ್ನೂ ಎಬ್ಬಿಸಿದರು. ಆಕೆಗೆ ಮೊಣಕಾಲು ಬಾತಿತ್ತು. ನಾನು ಬೇಡವೆಂದೆ. "ಮಲಕೋರಿ. ಬಸ್ಸಿನ್ಯಾಗ ನಮಗ ಎಷ್ಟು ಸಲ ಜಾಗಾ ಮಾಡಿ ಕೊಟ್ಟೀರಿ," ಎಂದು ಇಬ್ಬರೂ ಗೋಡೆಗೆ ಒರಗಿ ನಿಂತರು. ನಮ್ಮ ಸರದಿ ಬರುವತನಕ ಅವರು ಕೂರಲಿಲ್ಲ. ಆಮೇಲೆ ಅವರನ್ನು ನಾನು ಮತ್ತೆ ನೋಡಿಲ್ಲ.

ಸ್ಕ್ಯಾನ್ ಆಯಿತು, ಸೂಜಿ ಚುಚ್ಚಿ ಬೆನ್ನೆಲುಬಿನಿಂದ ಸ್ಯಾಂಪಲ್ ತೆಗೆದದ್ದಾಯಿತು. ವರದಿ ಬರುವತನಕ ನಾವಿಬ್ಬರೂ ಮನೆಯಲ್ಲಿ ಕ್ಯಾನ್ಸರ್ ಎಂಬ ಪದವನ್ನು ಒಮ್ಮೆಯೂ ಆಡಲಿಲ್ಲ. ಕಡೆಗೆ ಡಾಕ್ಟರು, "ಟೀಬಿ ಆಗಿದೆ, ಬೆನ್ನೆಲುಬಿಗೆ," ಎಂದರು. ಸುಗುಣಾ ಕೈಮುಗಿದಳು. ಹೊರಗೆ ಬಂದ ಮೇಲೆ, "ರೂತಳಿಗೆ ಹತ್ತತೈತೇನ್ರಿ?" ಎಂದು ಕೇಳಿದಳು. ರೂತ್ ನಮ್ಮ ಒಬ್ಬಳೇ ಮಗಳು, ಆಗ ಕಾಲೇಜಿನಲ್ಲಿದ್ದಳು. ಶ್ವಾಸಕೋಶ ಚೊಕ್ಕವಾಗಿದೆ, ನಿಮ್ಮಿಂದ ಯಾರಿಗೂ ಹರಡುವುದಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಆದರೂ ಕೇಳಿದಳು. ತಾಯಿ ಅಲ್ಲವೇ.

ಮಲಗಿಯೇ ಇರಬೇಕು, ಎದ್ದರೆ ಬೆನ್ನಿಗೆ ಬಿಗಿ ಪಟ್ಟಿ ಕಟ್ಟಿಕೊಂಡೇ ಏಳಬೇಕು, ಗುಳಿಗೆ ಒಂದು ದಿನವೂ ತಪ್ಪಬಾರದು ಎಂದಿದ್ದರು. ನಡುಮನೆಯ ಕಿಟಕಿಯ ಪಕ್ಕ ಮಂಚ ಹಾಕಿದರು. ಗುಳಿಗೆಯಿಂದ ಮೂತ್ರ ಕೇಸರಿ ಕದಡಿದಂತೆ ಹೋಗುತ್ತಿತ್ತು, ಅನ್ನದ ವಾಸನೆಗೆ ವಾಂತಿ ಬರುತ್ತಿತ್ತು. ಮೊದಮೊದಲು ಸಭೆಯವರು ದಿನಾ ಬಂದರು. ಬಂದವರೆಲ್ಲ ನನ್ನಿಂದಲೇ ಪ್ರಾರ್ಥನೆ ನಿರೀಕ್ಷಿಸುತ್ತಿದ್ದರು. "ನೀವ ಮಾಡ್ರಿ ಅಣ್ಣಾರ, ನಿಮ್ಮಂಗ ನಮಗ ಬರೂದಿಲ್ಲ," ಎನ್ನುತ್ತಿದ್ದರು. ಮಲಗಿದಲ್ಲೇ ಬಾಯಿ ತೆರೆಯುತ್ತಿದ್ದೆ. ಹಳೆಯ ಮಾತುಗಳೆಲ್ಲ ಒಂದರ ಹಿಂದೆ ಒಂದು ಸರಿಯಾಗಿಯೇ ಹೊರಡುತ್ತಿದ್ದವು. ನಿಲ್ದಾಣಗಳ ಹೆಸರು ಕೂಗಿದ ಹಾಗೆ. ಒಂದು ದಿನ ಅವೂ ಬರಲಿಲ್ಲ. "ಕರ್ತನೇ" ಎಂದು ನಿಂತೆ. ಮುಂದೆ ಏನೂ ಇಲ್ಲ. ಬಂದವರು ಕಣ್ಣುಮುಚ್ಚಿ ಕಾಯುತ್ತಿದ್ದರು. ಕಡೆಗೆ ಯಾರೋ "ಆಮೆನ್" ಎಂದು ಮುಗಿಸಿದರು.

ಅದಾದ ಮೇಲೆ ಬರುವವರು ಕಡಿಮೆಯಾದರು. ಅವರನ್ನು ನಾನು ದೂರುವುದಿಲ್ಲ. ಕ್ಷಯ ಎಂದರೆ ನಮ್ಮ ಕಡೆ ಇನ್ನೂ ಜನ ಮೂಗಿಗೆ ಸೆರಗು ಹಿಡಿಯುತ್ತಾರೆ. ಸಭಾಪಾಲಕರು ನನಗೆ ಮನೆಯಲ್ಲೇ ಕರ್ತನ ಭೋಜನ ಕೊಡಲು ಬಂದಾಗ ರೊಟ್ಟಿ ಮುರಿದು ಕೊಟ್ಟರು. ದ್ರಾಕ್ಷಾರಸಕ್ಕೆ ಬಂದಾಗ ಸ್ವಲ್ಪ ತಡವರಿಸಿ, "ಅಕ್ಕಾರ, ಮನೀದೊಂದು ವಾಟಗ ಕೊಡ್ರಿ," ಎಂದರು. ಸಭೆಯ ಬಟ್ಟಲು ಅವರ ಚೀಲದಲ್ಲೇ ಇತ್ತು, ಅದರ ಅಂಚು ಕಾಣುತ್ತಿತ್ತು. ಎಲ್ಲರೂ ಕುಡಿಯುವ ಬಟ್ಟಲಿಗೆ ನನ್ನ ಬಾಯಿ ತಾಗಬಾರದೆಂದು ಯಾರೋ ಹೇಳಿರಬೇಕು, ಅವರಾದರೂ ಏನು ಮಾಡಿಯಾರು. ಸುಗುಣಾ ಅಡುಗೆಮನೆಯಿಂದ ಸ್ಟೀಲಿನ ಸಣ್ಣ ಬಟ್ಟಲು ತಂದುಕೊಟ್ಟಳು. ನಾನು ಕುಡಿದೆ. ಅವರು ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದೆ. ಇಷ್ಟು ವರ್ಷ ನಾನು ದೇವರನ್ನು ಬಲ್ಲೆ ಎಂದುಕೊಂಡದ್ದು ಬರೀ ಸಭೆ ನಡೆಸುವ ರೂಢಿಯಾಗಿತ್ತೇ ಎಂಬ ಅನುಮಾನ ಅವತ್ತು ಹೊಕ್ಕಿತು. ಬೆನ್ನಿನ ನೋವಿಗಿಂತ ಅದು ಹೆಚ್ಚು ಕಾಡಿತು.

ಆ ದಿನಗಳಲ್ಲಿ ಬಂದವಳು ದುಂಡಸಿಯ ರೇಣವ್ವ. ನಂಬಿ ದೀಕ್ಷಾಸ್ನಾನ ತೆಗೆದುಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಓದು ಬರಹ ಬಾರದು, ಹಾಡುಗಳ ಮೊದಲ ಸಾಲು ಮಾತ್ರ ಗೊತ್ತು. ದುಂಡಸಿಯಿಂದ ಶಿಗ್ಗಾಂವಿಗೆ ಬಂದು ಅಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಕಾಲ ಬಳಿ ನೆಲದ ಮೇಲೆ ಕೂತಳು. ಪ್ರಾರ್ಥನೆಗೆ ನನ್ನ ಮುಖ ನೋಡಲಿಲ್ಲ. ನಾನು ಸುಮ್ಮನಿದ್ದುದನ್ನು ನೋಡಿ ತಾನೇ ಸೆರಗು ತಲೆಗೆ ಎಳೆದುಕೊಂಡು ಶುರುಮಾಡಿದಳು.

"ಯಪ್ಪಾ, ಇಲ್ನೋಡು. ಈ ಅಣ್ಣಾ ನಿನ್ನ ಕೂಡ ಮಾತಾಡವಲ್ಲ. ಸಿಟ್ಟು ಬಂದೈತೋ, ತ್ರಾಣ ಇಲ್ಲೋ, ನನಗ ತಿಳೀವಲ್ದು. ನೀ ಏನ್ ತಿಳ್ಕೋಬ್ಯಾಡ. ಅಂವಗ ಭಾಳ ನೋವೈತಿ. ಇವತ್ತ ಒಂದ ರಾತ್ರಿ ನಿದ್ದಿ ಕೊಡು. ನಾಳಿಂದ ನಾಳಿಗೆ ಕೇಳ್ತೇನಿ."

ಅಷ್ಟೇ. ಆಮೆನ್ ಅನ್ನುವುದನ್ನೂ ಮರೆತಳು. ಸುಗುಣಾ ಕೊಟ್ಟ ಚಹಾ ಕುಡಿದು, ಬಸ್ಸು ತಪ್ಪುತ್ತದೆ ಎಂದು ಎದ್ದುಹೋದಳು. ನನಗೆ ಆ ರಾತ್ರಿ ವಿಶೇಷ ನಿದ್ದೆಯೇನೂ ಬರಲಿಲ್ಲ. ಆದರೆ ನನ್ನ ಪರವಾಗಿ ಒಬ್ಬಳು ಕ್ಷಮೆ ಕೇಳಿಟ್ಟು ಹೋಗಿದ್ದಾಳೆ ಎಂಬ ಸಮಾಧಾನವೊಂದು ಉಳಿಯಿತು. ನಂಬಿಕೆಯಲ್ಲಿ ಕೂಸಾಗಿರುವವರನ್ನು ನಾವು ಎತ್ತಿ ಆಡಿಸಬೇಕು ಎಂದೇ ಸಭೆಯಲ್ಲಿ ಹೇಳಿಕೊಡುತ್ತಿದ್ದೆ. ಅವತ್ತು ಎತ್ತಿಕೊಂಡವಳು ಅವಳು.

ಈಗ ಆನಂದನ ವಿಷಯ ಬರೆಯಬೇಕು. ಅವನಿಗೆ ಹೇಳಿ, ಅವನ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಆನಂದ ನಮ್ಮ ಸಭೆಯ ತರುಣ, ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕುಡಿತ ಬಿಟ್ಟು, ಕೆಟ್ಟ ಸಹವಾಸ ಬಿಟ್ಟು ಬಂದವನು. ಉಪವಾಸವೆಂದರೆ ನೀರೂ ಮುಟ್ಟದವನು. ನನಗಾಗಿ ಉಪವಾಸವಿದ್ದು, ಒಂದು ಮಧ್ಯಾಹ್ನ ನಾಲ್ಕಾರು ಜನರನ್ನು ಕಟ್ಟಿಕೊಂಡು ಬಂದ. ಅವರು ಹಾಡಿದರು. ಅವನು ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ. ಅವನ ಬೆವರು ನನ್ನ ಹಣೆಗೆ ಬೀಳುತ್ತಿತ್ತು. ಆಮೇಲೆ ಕಣ್ಣು ತೆರೆದು ಹೇಳಿದ, "ಅಣ್ಣಾರ, ಗುಣ ಆಗೇತಿ. ಕರ್ತ ನನಗ ಸ್ಪಷ್ಟ ಹೇಳ್ಯಾನ. ಪಟ್ಟಿ ಬಿಚ್ಚಿ ಏಳ್ರಿ."

ಸುಗುಣಾ ಬಾಗಿಲಲ್ಲಿ ನಿಂತಿದ್ದಳು. "ಡಾಕ್ಟರು ಏಳಬ್ಯಾಡ ಅಂದಾರ, ಆನಂದ."

"ಅಕ್ಕಾರ, ಡಾಕ್ಟರು ದೊಡ್ಡಾಂವೋ, ಅಂವಾ ದೊಡ್ಡಾಂವೋ?"

"ಅಂವಾ ದೊಡ್ಡಾಂವ. ನೀ ಅಲ್ಲ," ಎಂದಳು ಸುಗುಣಾ.

ಎದ್ದವನು ನಾನೇ. ಯಾರೂ ಎಳೆಯಲಿಲ್ಲ. ಎಷ್ಟೋ ತಿಂಗಳಿಂದ ದೇವರ ಒಂದು ದನಿ ಕೇಳಲು ಕಾದಿದ್ದೆ, ಆ ಹುಡುಗನ ಮುಖದಲ್ಲಿ ಅದನ್ನು ಕೇಳಿಸಿಕೊಂಡವನ ಬೆಳಕಿತ್ತು. ಪಟ್ಟಿ ಬಿಚ್ಚಿದೆ. ನೆಲಕ್ಕೆ ಕಾಲೂರಿದೆ. ಬಾಗಿಲ ತನಕ ನಡೆದು ತಿರುಗಿ ಬಂದೆ. ಎಲ್ಲರೂ ಅಳುತ್ತಾ ಹಾಡಿದರು, ನಾನೂ ಅತ್ತೆ. ಸುಗುಣಾ ಮಾತ್ರ ಅಳಲಿಲ್ಲ. ಅವರೆಲ್ಲ ಹೋದ ಮೇಲೆ ಗುಳಿಗೆ ಮತ್ತು ನೀರು ತಂದು ಮುಂದೆ ಹಿಡಿದಳು. "ಇದನ್ನ ಮಾತ್ರ ನಾ ಬಿಡಾಕ ಬಿಡೂದಿಲ್ಲ. ನುಂಗ್ರಿ," ಎಂದಳು. ನುಂಗಿದೆ. ಇವತ್ತು ನಾನು ಬದುಕಿರುವುದರಲ್ಲಿ ಅವಳ ಆ ಒಂದು ಮಾತಿನ ಪಾಲು ದೊಡ್ಡದು.

ಮರುದಿನದಿಂದ ಕಾಲಿಗೆ ಜೋಮು. ವಾರ ಕಳೆಯುವುದರೊಳಗೆ ಎಡಗಾಲು ನನ್ನ ಮಾತು ಕೇಳದಾಯಿತು, ಬಲಗಾಲೂ ಅದೇ ದಾರಿ ಹಿಡಿಯಿತು. ಮೂತ್ರ ಕಟ್ಟಿತು. ಮತ್ತೆ ಹುಬ್ಬಳ್ಳಿಗೆ ಆಂಬ್ಯುಲೆನ್ಸಿನಲ್ಲಿ ಹೋದೆವು. ಕೀವು ನರಹುರಿಯನ್ನು ಒತ್ತುತ್ತಿದೆ, ಕೂಡಲೇ ಆಪರೇಷನ್ ಆಗಬೇಕು ಎಂದರು. ನಾನು ಎದ್ದು ನಡೆದದ್ದನ್ನು ಹೇಳಿ, ಅದರಿಂದಲೇ ಹೀಗಾಯಿತೇ ಎಂದು ಕೇಳಿದೆ. "ಏಳಬಾರದಿತ್ತು. ಆದರೆ ಕೀವು ಮೊದಲಿಂದಲೂ ಬೆಳೀತಿತ್ತು. ಎದ್ದಿರದಿದ್ದರೂ ಆಗಬಹುದಾಗಿತ್ತು. ಖಚಿತವಾಗಿ ಯಾರೂ ಹೇಳಲಾರರು," ಎಂದರು ಡಾಕ್ಟರು. ಆ ಉತ್ತರವನ್ನು ನಾನು ಜೋಪಾನವಾಗಿ ಇಟ್ಟುಕೊಂಡೆ, ಆನಂದನಿಗೆ ಬೇಕಾದೀತು ಎಂದು.

ಕೀವು ತೆಗೆದರು, ಬೆನ್ನೆಲುಬಿಗೆ ರಾಡು ಕೂರಿಸಿದರು. ಎಚ್ಚರವಾದಾಗ ಸೊಂಟದ ಕೆಳಗಿನ ಮೈ ಬೇರೆ ಯಾರದೋ ಎನ್ನುವಂತಿತ್ತು. ಬಲಗಾಲಿನ ಹೆಬ್ಬೆರಳು ತುಸು ಅಲುಗಿತು, ಎಡಗಾಲು ಸುಮ್ಮನೆ ಬಿದ್ದಿತ್ತು. ಊಟದ ಹೊತ್ತಿಗೆ ನರ್ಸು ಬಂದು ಪಾದಕ್ಕೆ ಪಿನ್ನಿನಿಂದ ಚುಚ್ಚಿ "ಗೊತ್ತಾಗ್ತದಾ?" ಎನ್ನುವಳು. ಗೊತ್ತಾಗುತ್ತಿರಲಿಲ್ಲ. ಸುಗುಣಾ ಮುಖ ಬೇರೆ ಕಡೆ ಮಾಡುತ್ತಿದ್ದಳು.

ಆ ವಾರ್ಡಿಗೆ ಹಿರೇಕೆರೂರಿನಿಂದ ಕೃಪಾ ಆಯಿ ಬಂದಳು. ಎಂಬತ್ತು ದಾಟಿದ ಮುದುಕಿ, ತಂಗಿಯ ಮಗಳು ಶಾಂತಾಳ ಕೈಹಿಡಿದುಕೊಂಡು ಬಂದಿದ್ದಳು. ಒಂದು ಕಾಲದಲ್ಲಿ ಹಾನಗಲ್ಲಿನಲ್ಲಿ ನರ್ಸ್ ಆಗಿದ್ದವಳು. ಮಕ್ಕಳಾಗಿದ್ದಾಗ ನಮಗೆಲ್ಲ ಭಾನುವಾರ ಪಾಠ ಹೇಳಿಕೊಟ್ಟವಳೂ ಅವಳೇ. ನಮ್ಮ ನಾಲ್ಕು ತಾಲೂಕಿನ ಕ್ರೈಸ್ತರಲ್ಲಿ ಅವಳ ನಂಬಿಕೆಯಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅವಳು ಬಂದವಳೇ ಹೊದಿಕೆ ಸರಿಸಿ ನನ್ನ ಹಿಮ್ಮಡಿ ನೋಡಿದಳು, ಹುಣ್ಣಾಗಿದೆಯೇ ಎಂದು. ಎಣ್ಣೆ ಕೇಳಿ ಇಸಿದುಕೊಂಡು ಪಾದ ತಿಕ್ಕತೊಡಗಿದಳು.

"ಆಯಿ, ನನಗ ಪ್ರಾರ್ಥನಿ ಬರವಲ್ದು," ಎಂದೆ. ಯಾರಿಗೂ ಹೇಳಿರಲಿಲ್ಲ.

"ಯಾವಾಗಿಂದ?"

"ಭಾಳ ದಿನ ಆತು."

ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ನನ್ನ ಮಗ ಹೋದಾಗ ನನಗೂ ನಿಂತಿತ್ತು. ವರ್ಷಗಟ್ಟಲೆ. ನಿಮಗ ಪಾಠಾ ಹೇಳ್ತಿದ್ನಲ್ಲಾ, ಆಗ."

ನಾನು ಬೆಚ್ಚಿದೆ. ಆಯಿಗೆ ಮಗನೊಬ್ಬನಿದ್ದು ಸಣ್ಣವನಿದ್ದಾಗಲೇ ಜ್ವರದಿಂದ ಹೋದನೆಂದು ಕೇಳಿದ್ದೆ. ನಮಗೆ ಹಾಡು ಕಲಿಸುತ್ತಿದ್ದ ಆ ನಗುಮುಖದ ಒಳಗೆ ಏನೂ ಇರಲಿಲ್ಲ ಎಂದು ಊಹಿಸಿರಲಿಲ್ಲ.

"ಮತ್ತ ಹೆಂಗ ಬಂತು ಆಯಿ?"

"ಗೊತ್ತಿಲ್ಲಪಾ. ಭಾನುವಾರ ಬಂತಂದ್ರ ಹೋಗಿ ಕುಂದರ್ತಿದ್ದೆ. ಮಂದಿ ಹಾಡಾಕತ್ತಿದ್ರು, ಅವರ ನಡುವ ಕುಂದರ್ತಿದ್ದೆ. ನನ್ನ ಪಾಲಿಂದೂ ಅವರ ಹಾಡ್ಯಾರಂತ ತಿಳ್ಕೊಂಡಿದ್ದೆ. ಒಂದಿನ ನೋಡಿದ್ರ ನಾನೂ ಹಾಡಾಕತ್ತಿದ್ದೆ. ನೀ ಈಗ ಗುಳಿಗಿ ನುಂಗು, ಉಣ್ಣು, ಮಲಕೋ. ಮಾತಾಡೂದು ಉಳದವ್ರು ಮಾಡ್ಲಿ."

ಅವಳು ನನಗಾಗಿ ಪ್ರಾರ್ಥಿಸಲೂ ಇಲ್ಲ. ಪಾದ ಒರೆಸಿ, ಹೊದಿಕೆ ಎಳೆದು, ಹಣೆ ಮುಟ್ಟಿ ಹೋದಳು. ಅಪನಂಬಿಕೆಯೆಂದು ನಾನು ಹೆದರಿದ್ದ ಜಾಗದಲ್ಲಿ ಆಯಿಯೂ ವರ್ಷಗಟ್ಟಲೆ ಇದ್ದು ಬಂದಿದ್ದಳು. ಆ ತಿಳಿವಳಿಕೆಯೇ ನನಗೆ ಔಷಧವಾಯಿತು.

ಮನೆಗೆ ಬಂದ ಮೇಲೂ ಆನಂದನ ಸುಳಿವಿಲ್ಲ. ಸಭೆಗೂ ಬರುತ್ತಿಲ್ಲ, ಅಂಗಡಿಯ ಮುಂದೆ ಹಾದರೆ ತಲೆಯೆತ್ತುವುದಿಲ್ಲ ಎಂದು ರೂತ್ ಹೇಳಿದಳು. ಸುಗುಣಾಳಿಗೆ ಅವನ ಮೇಲೆ ಸಿಟ್ಟು ಇಳಿದಿರಲಿಲ್ಲ. ಆದರೂ ನಾನು ಕೇಳಿಕೊಂಡಾಗ ಅವಳೇ ಅಂಗಡಿಗೆ ಹೋಗಿ ಕರೆತಂದಳು. ಅವನು ಹೊಸ್ತಿಲಲ್ಲೇ ನಿಂತ. ಗಡ್ಡ ಬೆಳೆದಿತ್ತು. ಕಾಯಿಲೆ ಬಿದ್ದವನು ಅವನೋ ನಾನೋ ಎನ್ನುವಂತಿದ್ದ.

"ಅಣ್ಣಾರ, ನನಗ ಅಂವಾ ಹೇಳಿದ್ದು ಖರೇನ ಕೇಳಿತ್ತರಿ. ಅದ ಸುಳ್ಳಾದ್ರ, ನಾ ಕುಡಿಯೂದು ಬಿಟ್ಟ ದಿನ ಕೇಳಿದ್ದೂ ಸುಳ್ಳೇನ್ರಿ?"

ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವನು ನಂಬಿದಂತೆ ಕಾಣಲಿಲ್ಲ. "ಕುಡಿಯೂದು ಮತ್ತ ಶುರು ಮಾಡೀಯೇನು?" ಎಂದು ಕೇಳಿದೆ.

"ಇಲ್ಲರಿ. ಮನಸ್ಸಾಗಿತ್ತು. ಸೆರೇದ ಅಂಗಡಿ ತನಕ ಹೋಗಿ ತಿರುಗಿ ಬಂದೆ."

"ಹಂಗಾದ್ರ ಅದು ಸುಳ್ಳಲ್ಲ. ಅಷ್ಟು ಮಾತ್ರ ನನಗ ಗೊತ್ತೈತಿ. ಕೆಲವು ಸಲ ತಪ್ಪಿ ಕೇಳಸ್ತೈತಿ ಆನಂದ, ನಿನಗೂ ನನಗೂ. ಅಷ್ಟಕ್ಕ ಅಂವಾ ನಿನ್ನ ಬಿಡೂದಿಲ್ಲ. ಒಳಗ ಬಾ. ಕಾಲು ಮಡಿಸಿ ಬಿಚ್ಚಬೇಕಂತ ಹೇಳ್ಯಾರ, ಸುಗುಣಾಗ ಭಾರ ಆಕ್ಕೈತಿ."

ಅವನು ಬಂದು ಮಂಚದ ತುದಿಯಲ್ಲಿ ಕೂತು ನನ್ನ ಎಡಗಾಲು ಎತ್ತಿಕೊಂಡ. ಅಂದಿನಿಂದ ಅಂಗಡಿ ಮುಚ್ಚಿ ದಿನಾ ಸಂಜೆ ಬಂದ. ಮಡಿಸುವುದು, ಬಿಚ್ಚುವುದು, ತಿಕ್ಕುವುದು. ಮಳೆಗಾಲ ಕಳೆಯುವ ಹೊತ್ತಿಗೆ ತೊಡೆ ಬಿಗಿಯಾಯಿತು, ಮೊಣಕಾಲು ಮಡಚಿತು. ಅವನ ಹೆಗಲ ಮೇಲೆ ಕೈಯಿಟ್ಟು ಮೊದಲ ಸಲ ನಿಂತಾಗ ಅವನು "ಗುಣ ಆತು" ಎನ್ನಲಿಲ್ಲ. "ಸಾವಕಾಶ ರೀ," ಎಂದ. ವಾಕರ್ ಹೋಗಿ ಕೋಲು ಬಂತು. ಒಂದೂವರೆ ವರ್ಷಕ್ಕೆ ಗುಳಿಗೆ ನಿಂತವು. ಬಸ್ಸಿನ ಕೆಲಸ ಮತ್ತೆ ಆಗಲಿಲ್ಲ. ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ. ಆನಂದ ಸಭೆಗೆ ಬರುತ್ತಾನೆ, ಕಡೆಯ ಸಾಲಿನಲ್ಲಿ ಕೂರುತ್ತಾನೆ. ಗಟ್ಟಿಯಾಗಿ ಪ್ರಾರ್ಥಿಸಲು ಇನ್ನೂ ಒಪ್ಪಿಲ್ಲ. ನಾವು ಒತ್ತಾಯಿಸಿಲ್ಲ.

ನನಗೆ ಪ್ರಾರ್ಥನೆ ತಿರುಗಿ ಬಂದದ್ದು ಯಾವಾಗ ಎಂದು ಕೇಳಿದರೆ ನಾನೂ ಆಯಿಯ ಹಾಗೆ "ಗೊತ್ತಿಲ್ಲ" ಎನ್ನಬೇಕು. ಮೊದಲಿನಷ್ಟು ಬರುವುದೂ ಇಲ್ಲ. ಒಂದೆರಡು ಮಾತು ಬರುತ್ತವೆ, ಅವು ನನ್ನವು.

ಕಳೆದ ಬೇಸಿಗೆಯಲ್ಲಿ ಶಾಂತಾ ಫೋನು ಮಾಡಿ, ಆಯಿ ಹಾಸಿಗೆ ಹಿಡಿದಿದ್ದಾಳೆ, ನೆನಪೂ ನಿಲ್ಲುತ್ತಿಲ್ಲ ಎಂದಳು. ಕೋಲು ಹಿಡಿದು ಹಿರೇಕೆರೂರಿನ ಬಸ್ಸು ಹತ್ತಿದೆ. ಆಯಿ ಹಾಸಿಗೆಯಲ್ಲಿ ಹಕ್ಕಿಯಷ್ಟಾಗಿದ್ದಳು. ಹೆಸರು ಹೇಳಿದೆ, ತಿಳಿಯಲಿಲ್ಲ. ಪಾಠದ ಹಾಡು ಹೇಳಿದೆ, ಅದೂ ತಿಳಿಯಲಿಲ್ಲ. ಕಣ್ಣಿನಲ್ಲಿ ಬರೀ ಅಂಜಿಕೆ ಇತ್ತು. ನನ್ನ ಮಣಿಕಟ್ಟು ಹಿಡಿದು ಕೇಳಿದಳು.

"ನನಗ ಯಾರದೂ ಗುರ್ತು ಹತ್ತವಲ್ದು. ಕರ್ತನ್ನೂ ಮರತೇನೇನೋ. ಅಲ್ಲಿಗೆ ಹೋದಾಗ ಅಂವಾ ನನ್ನ ಗುರ್ತು ಹಿಡೀತಾನೇನು?"

ನಮ್ಮೆಲ್ಲರಿಗಿಂತ ಗಟ್ಟಿ ನಂಬಿಕೆ ಎನ್ನಿಸಿಕೊಂಡ ಮುದುಕಿ ನನ್ನನ್ನು ಕೇಳುತ್ತಿದ್ದಳು. ಶಾಂತಾ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

"ಹಿಡೀತಾನ ಆಯಿ," ಎಂದೆ.

"ಖರೇ?"

"ಖರೇ. ನೀ ಮರತರೂ ಅಂವಾ ಮರಿಯೂದಿಲ್ಲ."

ಹಿಡಿತ ಸಡಿಲಾಯಿತು. ಕಣ್ಣು ಮುಚ್ಚಿದಳು. ತುಸು ಹೊತ್ತಿಗೆ ಮತ್ತೆ ತೆರೆದು, ಅದೇ ಅಂಜಿಕೆಯಿಂದ ಅದೇ ಮಾತು ಕೇಳಿದಳು. ಮೊದಲು ಹೇಳಿದ್ದು ಆಗಲೇ ಅಳಿಸಿಹೋಗಿತ್ತು. ನಾನು ಮತ್ತೆ ಹೇಳಿದೆ. ಮಧ್ಯಾಹ್ನವೆಲ್ಲ ಹೀಗೇ ನಡೆಯಿತು. ಶಾಂತಾ ಊಟಕ್ಕೆ ಕರೆದಳು, ಆಮೇಲೆ ಎಂದೆ. ಪ್ರತಿ ಸಲವೂ ಅವಳಿಗೆ ಅದು ಹೊಸ ಪ್ರಶ್ನೆಯೇ, ನಾನೂ ಹೊಸದಾಗಿಯೇ ಹೇಳಬೇಕಿತ್ತು. ಬೇಸರದ ದನಿ ಬಂದರೆ ಅವಳ ಮುಖ ಸಣ್ಣದಾಗುತ್ತಿತ್ತು. ನೀನು ಹಿಂದೆ ಎಷ್ಟು ನಂಬಿದ್ದೆ, ಎಷ್ಟು ಸೇವೆ ಮಾಡಿದ್ದೆ ಎಂದರೆ ಅವಳಿಗೆ ಏನೂ ಮುಟ್ಟುತ್ತಿರಲಿಲ್ಲ. ಆ ಒಂದು ಮಾತು ಮಾತ್ರ ಮುಟ್ಟುತ್ತಿತ್ತು, ಅದೂ ಸ್ವಲ್ಪ ಹೊತ್ತು.

ಬಿಸಿಲು ಇಳಿಯುವಾಗ ಅವಳು ಇನ್ನೊಮ್ಮೆ ಕಣ್ಣು ತೆರೆದಳು. ತುಟಿ ಅಲುಗಿತು, ದನಿ ಹೊರಡಲಿಲ್ಲ. ಏನು ಕೇಳುತ್ತಿದ್ದಾಳೆಂದು ಗೊತ್ತಿತ್ತು. ನಾನು ಬಾಗಿದೆ. ಬೆನ್ನು ನೋಯಿತು.

"ಹಿಡೀತಾನ ಆಯಿ," ಎಂದೆ, ನನಗೂ ಕೇಳಿಸುವಷ್ಟು ಗಟ್ಟಿಯಾಗಿ.